ಸಹಾಯಧನ ಮತ್ತು ಒಕ್ಕಲು: ಪಾಯಿನ್ಸೆಟ್ ಕೌಂಟಿಯ ಹತ್ತಿ ಒಪ್ಪಂದ

ಸರ್ಕಾರವು ರೈತರಿಗೆ ನೇರವಾಗಿ ಹಣ ನೀಡುವ ಯೋಜನೆಗಳನ್ನು ಅಭ್ಯಸಿಸುವಾಗ ಮೊತ್ತ ಎಷ್ಟೆಂಬುದರ ಜೊತೆಗೆ, ರೈತನೆಂದರೆ ಯಾರೆಂಬುದನ್ನೂ ಕೇಳಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆ ಅತ್ಯಂತ ತೀವ್ರವಾಗಿ ತಲೆದೋರಿದ್ದು ಅಮೆರಿಕದ ಆರ್ಕನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿಯಲ್ಲಿ. ಕೌಂಟಿ ಎಂಬುದು ನಮ್ಮ ಜಿಲ್ಲೆಯನ್ನು ಹೋಲುವ ಆಡಳಿತ ಘಟಕ. 1930ರ ದಶಕದಲ್ಲಿ ಅಲ್ಲಿನ ಪ್ರಮುಖ ಬೆಳೆ ಹತ್ತಿಯಾಗಿತ್ತು.

1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ 1932ರ ವೇಳೆಗೆ 6 ಸೆಂಟಿನ ಆಸುಪಾಸಿಗೆ ಕುಸಿಯಿತು. ಬೆಳೆಯನ್ನು ಕಡಿಮೆ ಮಾಡಿದರೆ ಬೆಲೆ ಚೇತರಿಸೀತೆಂಬ ತರ್ಕದ ಮೇಲೆ 1933ರ ಕೃಷಿ ಹೊಂದಾಣಿಕೆ ಕಾಯಿದೆ ರೂಪುಗೊಂಡಿತು. ಮೊದಲ ವರ್ಷ ಸುಮಾರು 1 ಕೋಟಿ ಎಕರೆಯ ಬೆಳೆದುನಿಂತ ಹತ್ತಿಯನ್ನು ಉತ್ತು ಹಾಕಲಾಯಿತು. ಭೂಮಿಯನ್ನು ಪಾಳುಬಿಟ್ಟವರಿಗೆ ಸರ್ಕಾರ ಹಣ ಕೊಡುತ್ತಿತ್ತು. ಅದಕ್ಕೆ ಬೇಕಾದ ಸಂಪನ್ಮೂಲ ಗಿರಣಿಗಳ ಮೇಲಿನ ಸಂಸ್ಕರಣಾ ತೆರಿಗೆಯಿಂದ ಬರುತ್ತಿತ್ತು.

1934-35ರ ಒಪ್ಪಂದದ ಪ್ರಕಾರ ಪೌಂಡಿಗೆ ದೊರೆಯುತ್ತಿದ್ದುದು ನಾಲ್ಕೂವರೆ ಸೆಂಟ್. ಇದರಲ್ಲಿ ಮೂರೂವರೆ ಸೆಂಟ್ ಭೂಮಿಯ ಬಾಡಿಗೆ. ಉಳಿದ ಒಂದು ಸೆಂಟ್ ಬೆಳೆಯ ಪಾಲಿಗೆ ಅನುಗುಣವಾಗಿ ಹಂಚಿಕೆಯಾಗುತ್ತಿತ್ತು. ಮಾಲಿಕನ ಹೇಸರಗತ್ತೆ, ಬೀಜ ಮತ್ತು ಸಲಕರಣೆಗಳಿಂದ ದುಡಿದು ಅರ್ಧ ಬೆಳೆ ಪಡೆಯುವ ಪಾಲುಗಾರನಿಗೆ ಬಾಡಿಗೆಯಲ್ಲಿ ಹಕ್ಕಿರಲಿಲ್ಲ. ಆದ್ದರಿಂದ ಅವನಿಗೆ ಸಲ್ಲುತ್ತಿದ್ದುದು ಅರ್ಧ ಸೆಂಟ್, ಮಾಲಿಕನಿಗೆ ನಾಲ್ಕು ಸೆಂಟ್. ಆ ಅರ್ಧ ಸೆಂಟೂ ಮಾಲಿಕನ ಕೈದಾಟಿ ಬರಬೇಕಾಗಿದ್ದುದರಿಂದ ಹಳೆಯ ಸಾಲದ ಲೆಕ್ಕಕ್ಕೆ ಜಮೆಯಾಗುವುದು ಸಾಮಾನ್ಯವಾಗಿತ್ತು.

ಒಪ್ಪಂದದ ಏಳನೆಯ ಕಲಮು, ಸಾಧ್ಯವಾದ ಮಟ್ಟಿಗೆ ಗೇಣಿದಾರರ ಎಂದಿನ ಸಂಖ್ಯೆಯನ್ನು ಉಳಿಸಿಕೊಳ್ಳಬೇಕೆಂದು ವಿಧಿಸಿತ್ತು. ಆದರೆ ಪಾಳುಬಿಟ್ಟ ಹೊಲಕ್ಕೆ ದುಡಿಯುವ ಕೈ ಬೇಕಿರಲಿಲ್ಲ. ದೂರುಗಳನ್ನು ವಿಚಾರಿಸುವ ಸ್ಥಳೀಯ ಸಮಿತಿಗಳಲ್ಲಿಯೂ ಭೂಮಾಲಿಕರದೇ ಮೇಲುಗೈ. ಹೀಗೆ ಅನೇಕ ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. 1934ರ ಜುಲೈನಲ್ಲಿ ಈ ಕೌಂಟಿಯ ಟೈರೊಂಜಾ ಊರಿನ ಬಳಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಒಂದುಗೂಡಿ ದಕ್ಷಿಣದ ಗೇಣಿ ರೈತರ ಸಂಘವನ್ನು ಸ್ಥಾಪಿಸಿದರು. ವರ್ಣಭೇದವು ಕಾನೂನಾಗಿದ್ದ ಆ ಪ್ರದೇಶದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಉಳಿಸಿಕೊಳ್ಳಬೇಕಾದುದು ಸಂಖ್ಯೆಯನ್ನು ಮಾತ್ರವಲ್ಲ, ಅದೇ ಗೇಣಿದಾರರನ್ನು ಎಂದು ವಾದಿಸಿದ ಇಲಾಖೆಯ ಕಾನೂನು ತಜ್ಞ ಜೆರೋಮ್ ಫ್ರಾಂಕ್ ಮತ್ತು ಅವರ ಕೆಲವು ಸಹೋದ್ಯೋಗಿಗಳು 1935ರ ಫೆಬ್ರವರಿಯಲ್ಲಿ ಹುದ್ದೆ ಕಳೆದುಕೊಂಡರು.

1936ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವ್ಯವಸ್ಥೆಯನ್ನು ಅಸಾಂವಿಧಾನಿಕವೆಂದು ಸಾರಿತು. ಅನಂತರದ ಕಾಯಿದೆಗಳಲ್ಲಿ ಪಾಲುಗಾರನ ಅಂಶವನ್ನು ಹೆಚ್ಚಿಸಲಾಯಿತು. ಇದರ ಪರಿಣಾಮ ವಿಲಕ್ಷಣವಾಗಿತ್ತು: ಪೂರ್ತಿ ಹಣ ತಮಗೇ ಉಳಿಯಲೆಂದು ಅನೇಕ ಮಾಲಿಕರು ಪಾಲುಗಾರರನ್ನು ದಿನಗೂಲಿಗಳನ್ನಾಗಿ ಮಾರ್ಪಡಿಸಿದರು. 1939ರ ಜನವರಿಯಲ್ಲಿ ನೆರೆಯ ಮಿಸೌರಿ ರಾಜ್ಯದ ಆಗ್ನೇಯ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಜನ ಹೆದ್ದಾರಿಯ ಅಂಚಿನಲ್ಲಿ ಬೀಡುಬಿಟ್ಟು ಪ್ರತಿಭಟಿಸಲು ಇದೇ ಕಾರಣವಾಯಿತು.

ನಮ್ಮಲ್ಲಿಯೂ ಈ ಪ್ರಶ್ನೆ ಅಪರಿಚಿತವಲ್ಲ. ತೆಲಂಗಾಣದಲ್ಲಿ 2018ರಲ್ಲಿ ಆರಂಭವಾದ ರೈತಬಂಧು ಯೋಜನೆಯು ಪಟ್ಟೇದಾರರಿಗೆ ಹಂಗಾಮಿಗೆ ಎಕರೆಗೆ 4,000 ರೂಪಾಯಿ ನೀಡಿತು. ಗೇಣಿದಾರರು ಅದರಿಂದ ಹೊರಗುಳಿದರು. 2019ರ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ಯೋಜನೆಯ ವಾರ್ಷಿಕ 6,000 ರೂಪಾಯಿಯೂ ಭೂಹಿಡುವಳಿಯ ದಾಖಲೆಯನ್ನೇ ಆಧರಿಸಿದೆ. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿಯು ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿತು. ಹಾಗಾಗಿ ಕೋರು, ವಾರ, ಪಾಲು ಎಂದು ಪ್ರದೇಶಭೇದದಿಂದ ಕರೆಯಲಾಗುವ ಪದ್ಧತಿಗಳು ಇರುವಲ್ಲಿ ಬಾಯಿಮಾತಿನಲ್ಲಿಯೇ ನಡೆಯುತ್ತವೆ, ಪಹಣಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಕನ್ನಡದ ಒಕ್ಕಲು ಎಂಬ ಮಾತಿಗೆ ಬೇಸಾಯ, ಬೇಸಾಯ ಮಾಡುವವನು, ನೆಲೆಸಿದ ಕುಟುಂಬ ಎಂಬ ಅರ್ಥಗಳು ಒಟ್ಟಿಗೇ ಇವೆ. ಸಹಾಯಧನದ ಅರ್ಜಿಯು ಇವುಗಳನ್ನು ಬೇರ್ಪಡಿಸಿ, ಒಡೆತನವೊಂದನ್ನೇ ಗುರುತಿಸುತ್ತದೆ. ಆದ್ದರಿಂದ ಹೊರನಾಡಿನಲ್ಲಿ ಇಂತಹ ಯೋಜನೆಗಳನ್ನು ಅಭ್ಯಸಿಸುವವರು ಫಲಾನುಭವಿಗಳ ಪಟ್ಟಿಯೊಡನೆ, ಅದೇ ಹೊಲದಲ್ಲಿ ಆ ವರ್ಷ ಉತ್ತವರ ಹೆಸರುಗಳನ್ನೂ ಊರಿನಲ್ಲಿಯೇ ವಿಚಾರಿಸಿ ಬರೆದುಕೊಳ್ಳುವುದು ಅವಶ್ಯಕ.