ಸೋತ ಆಟ, ಉಳಿದ ಹೆಸರು

ಚದುರಂಗದ ಪುಸ್ತಕಗಳಲ್ಲಿ ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಯುರೋಪಿನ ಆಟಗಾರರು ಬೆಳೆಸಿದ ಆರಂಭದ ನಡೆಗಳಿಗೆ ಭಾರತದ ಹೆಸರೇಕೆ? ಉತ್ತರವಿರುವುದು ನಮ್ಮ ಹಳೆಯ ಆಟದ ಒಂದು ಚಿಕ್ಕ ನಿಯಮದಲ್ಲಿ.

ಕನ್ನಡ ನಾಡಿಗೆ ಚದುರಂಗ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಈ ಆಟವನ್ನು ವಿವರಿಸಿದ್ದಾನೆ. ಕುದುರೆಯೊಂದು ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಿ ಹಲಗೆಯನ್ನೆಲ್ಲ ಸುತ್ತಿ ಬರುವ ಬಂಧಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದರು. ಹಳೆಯ ಭಾರತೀಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಎರಡು ಮನೆ ಜಿಗಿಯುವುದು ಯುರೋಪಿನ ರೂಢಿ. ಹೀಗಾಗಿ ನಮ್ಮವರಿಗೆ ಆತುರ ಕಡಿಮೆ. ಬದಿಯ ಕಾಲಾಳನ್ನು ಒಂದು ಮನೆ ಸರಿಸಿ, ಅಲ್ಲಿ ಒಂಟೆಯನ್ನು ಕೂರಿಸಿ, ನಡುಹಲಗೆಯನ್ನು ದೂರದಿಂದಲೇ ಕಾಯುವುದು ಅವರಿಗೆ ಸಹಜವಾಗಿತ್ತು.

ಕಲ್ಕತ್ತೆಯಲ್ಲಿ ಈ ಶೈಲಿ ಪಶ್ಚಿಮದ ಆಟವನ್ನು ಎದುರಿಸಿತು. ಬ್ಯಾರಿಸ್ಟರ್ ಜಾನ್ ಕಾಕ್ರನ್ ಮತ್ತು ಬಂಗಾಳದ ಮಹೇಶಚಂದ್ರ ಬ್ಯಾನರ್ಜಿ ಅಲ್ಲಿ ನೂರಾರು ಆಟಗಳನ್ನಾಡಿದರು. 1855ರ ಒಂದು ಆಟದಲ್ಲಿ ಕಪ್ಪು ಕಾಯಿ ಹಿಡಿದ ಮಹೇಶಚಂದ್ರರು ಮೊದಲು ಕುದುರೆಯನ್ನು ಹೊರತಂದರು; ಬದಿಯ ಕಾಲಾಳನ್ನು ಒಂದು ಮನೆ ಸರಿಸಿದರು; ಮೂರನೆಯ ನಡೆಗೆ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನುಗ್ಗಿಸಿ ಬಿಳಿಯ ನಡುಬಲವನ್ನು ಕೆಣಕಿದರು. ಆದರೆ ಆಟ ಕಾಕ್ರನ್ ಪಾಲಾಯಿತು.

67 ವರ್ಷಗಳ ನಂತರ, 1922ರ ವಿಯೆನ್ನಾ ಪಂದ್ಯಾವಳಿಯಲ್ಲಿ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಅದೇ ಮೂರು ನಡೆಗಳನ್ನು ಅಲೆಖಿನ್ ವಿರುದ್ಧ ಆಡಿದರು. ಅಲೆಖಿನ್ ಹಲಗೆಯ ನಡುವೆ ಕಾಲಾಳುಗಳ ಗೋಡೆ ಕಟ್ಟಿದರು. ಗ್ರುನ್‌ಫೆಲ್ಡ್‌ರ ಒಂಟೆ ಮೂಲೆಯ ಬಳಿಯಿಂದ ಆ ಗೋಡೆಯ ಮೇಲೆ ಒತ್ತಡ ಹೇರಿತು. 1927ರಲ್ಲಿ ವಿಶ್ವ ಚಾಂಪಿಯನ್ ಆಗಲಿದ್ದ ಅಲೆಖಿನ್ ಸೋತರು. ಆ ರಕ್ಷಣೆಗೆ ‘ಗ್ರುನ್‌ಫೆಲ್ಡ್ ಡಿಫೆನ್ಸ್’ ಎಂಬ ಹೆಸರೇ ನಿಂತಿತು.

ಇದರಲ್ಲಿ ಅನ್ಯಾಯವಿದೆಯೇ? ಪೂರ್ತಿ ಇಲ್ಲ. ಮಹೇಶಚಂದ್ರರು ದಾರಿ ತೋರಿದರು. ಆ ದಾರಿಯಲ್ಲಿ ಗೆಲುವಿದೆಯೆಂದು ಗ್ರುನ್‌ಫೆಲ್ಡ್ ತೋರಿಸಿಕೊಟ್ಟರು. ಆದರೂ ಗೆದ್ದವನಿಗೆ ಸ್ವಂತ ಹೆಸರು ದಕ್ಕಿತು, ಮೊದಲಿಗನಿಗೆ ದೇಶದ ಹೆಸರಷ್ಟೇ. 2010ರಲ್ಲಿ ಸೋಫಿಯಾದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದಲ್ಲಿ ಆನಂದ್ ಇದೇ ರಕ್ಷಣೆಯನ್ನು ಆಡಿ ಟೊಪಲೋವ್‌ಗೆ ಸೋತರು. ಪಟ್ಟವನ್ನು ಮಾತ್ರ ಉಳಿಸಿಕೊಂಡರು.