ಮೆಣಸಿನಕಾಯಿ ವೈರಾಣು ಎಂಬ ಅಳತೆಗಲ್ಲು

ಕೊಳಚೆ ನೀರಿನಲ್ಲಿ ರೋಗಾಣುವನ್ನು ಪತ್ತೆಹಚ್ಚುವುದು ಈಗ ಅಷ್ಟೇನೂ ಕಷ್ಟದ ಕೆಲಸವಲ್ಲ. ಸಿಕ್ಕ ಸಂಖ್ಯೆಗೆ ಅರ್ಥ ಹಚ್ಚುವುದೇ ಕಷ್ಟ. ಒಂದು ಲೀಟರು ನೀರಿನಲ್ಲಿ ಕಂಡ ವೈರಾಣುಗಳು ಕಳೆದ ವಾರಕ್ಕಿಂತ ಇಮ್ಮಡಿಯಾಗಿದ್ದರೆ, ಊರಿನಲ್ಲಿ ಸೋಂಕು ಹೆಚ್ಚಿರಬಹುದು ಅಥವಾ ಚರಂಡಿಯ ನೀರೇ ಇಳಿದಿರಬಹುದು. ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದಂತಹ ತುಂಗಭದ್ರೆಯ ದಂಡೆಯ ಊರಿನಲ್ಲಿ ಈ ತೊಡಕು ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಸೊರಗಿ ಮಡುಗಟ್ಟುವ ಹೊಳೆ, ಹೊಸಪೇಟೆಯ ಜಲಾಶಯದ ಗೇಟುಗಳನ್ನು ತೆರೆದಾಗ ದಂಡೆ ತುಂಬಿ ಹರಿಯುತ್ತದೆ. ಅದಕ್ಕೆ ಭತ್ತದ ಗದ್ದೆಗಳ ಬಸಿನೀರೂ ಸೇರುವುದರಿಂದ, ಅಷ್ಟೇ ಪ್ರಮಾಣದ ಕೊಳಕು ಒಂದು ತಿಂಗಳು ದಟ್ಟವಾಗಿಯೂ ಇನ್ನೊಂದು ತಿಂಗಳು ತೀರ ತೆಳುವಾಗಿಯೂ ತೋರುತ್ತದೆ.

ಪೋಲಿಯೊ ವೈರಾಣುವಿಗಾಗಿ ಮುಂಬಯಿಯ ಕೊಳಚೆ ನೀರಿನ ಪರೀಕ್ಷೆ 2001ರಲ್ಲೇ ಆರಂಭವಾಗಿತ್ತು. ಕೋವಿಡ್ ಕಾಲದಲ್ಲಿ, 2022ರ ಜನವರಿಯಿಂದ ಜೂನ್‌ವರೆಗೆ, ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳ ಮಾದರಿಗಳನ್ನು ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ವಿಜ್ಞಾನಿಗಳು ಅಧ್ಯಯನ ಮಾಡಿದರು. ರೋಗಲಕ್ಷಣ ಕಾಣಿಸಿಕೊಳ್ಳುವ ಮೊದಲೇ, ಆಸ್ಪತ್ರೆಯ ಮೆಟ್ಟಿಲು ಹತ್ತದವರ ಮಲದಲ್ಲೂ ವೈರಾಣು ಹೊರಬೀಳುವುದು ಈ ವಿಧಾನದ ಬಲ.

ತೆಳುವಾಗುವಿಕೆಯ ತೊಡಕಿಗೆ ಸಿಕ್ಕ ಪರಿಹಾರವು ಬಳ್ಳಾರಿ ಸೀಮೆಗೆ ಅಪರಿಚಿತವೇನಲ್ಲ, ಏಕೆಂದರೆ ಅದು ಮೆಣಸಿನಗಿಡದ ಒಂದು ರೋಗಾಣು. ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ ಎಂಬ, ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಭಾಗದಷ್ಟು ಉದ್ದದ ಈ ಕಡ್ಡಿಯಾಕಾರದ ವೈರಾಣು ಎಲೆಗಳ ಮೇಲೆ ತಿಳಿಹಸಿರಿನ ಮಚ್ಚೆಗಳನ್ನು ಮೂಡಿಸುತ್ತದೆ. ಒಣಗಿಸಿದರೂ ಪುಡಿ ಮಾಡಿದರೂ ನಾಶವಾಗದೆ ಸಾರಿನೊಡನೆ ಹೊಟ್ಟೆ ಸೇರಿ, ಮನುಷ್ಯನಿಗೆ ಯಾವ ರೋಗವನ್ನೂ ತಾರದೆ ಹೊರಬೀಳುತ್ತದೆ. ಸ್ಯಾನ್ ಡಿಯಾಗೊ ಮತ್ತು ಸಿಂಗಪುರದ ಆರೋಗ್ಯವಂತರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗ್ರಾಂ ಒಣ ಮಲದಲ್ಲಿ 100 ಕೋಟಿಯವರೆಗೂ ಇಂಥ ವೈರಾಣುಗಳಿದ್ದವು. ಹೀಗಾಗಿ ಇದು ನೀರಿಗೆ ಎಷ್ಟು ಮಲ ಸೇರಿದೆ ಎಂಬುದನ್ನು ತೂಗುವ ಅಳತೆಗಲ್ಲಾಯಿತು. ಕೊರೋನಾ ವೈರಾಣುವಿನ ಎಣಿಕೆಯನ್ನು ಮೆಣಸಿನ ವೈರಾಣುವಿನ ಎಣಿಕೆಯಿಂದ ಭಾಗಿಸಿದರೆ, ಮಳೆ ಬಂದು ಎರಡೂ ತೆಳುವಾದಾಗಲೂ ಭಾಗಲಬ್ಧ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ಆದರೆ ನಗರದ ಒಳಚರಂಡಿಯಲ್ಲಿ ಒಪ್ಪುವ ಈ ಲೆಕ್ಕವನ್ನು ಹೊಳೆಗೆ ಕಣ್ಣುಮುಚ್ಚಿ ಹಚ್ಚಲಾಗದು. ಕೊಬ್ಬಿನ ಹೊದಿಕೆಯ ಕೊರೋನಾ ವೈರಾಣು ನೀರಿನಲ್ಲಿ ಬೇಗ ನಶಿಸುತ್ತದೆ, ಮೆಣಸಿನದು ಬಹುಕಾಲ ಉಳಿಯುತ್ತದೆ. ಆದ್ದರಿಂದ ಮೇಲಿನ ಊರುಗಳ ಕೊಳಚೆ ಹರಿದು ಬರುವಷ್ಟರಲ್ಲಿ, ಸೋಂಕು ಇದ್ದದ್ದಕ್ಕಿಂತ ಕಡಿಮೆಯೆಂದು ತೋರಬಹುದು. ಇನ್ನೊಂದು ಅಡಚಣೆ ಸ್ಥಳೀಯವಾದದ್ದು. ಸಿರುಗುಪ್ಪ, ಕುರುಗೋಡು ಸೀಮೆಯ ರೈತರು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯುವವರು. ಸೋಂಕಿದ ಗಿಡಗಳಿರುವ ಹೊಲದ ನೀರು ಹಳ್ಳಕ್ಕೆ ಹರಿದರೆ, ಮಲದ ಗುರುತೆಂದು ನಂಬಿದ್ದು ಬೆಳೆಯ ಗುರುತಾಗಿಬಿಡುತ್ತದೆ. ಇಂಥ ಕಡೆ, ಮನುಷ್ಯನ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಬೆಳೆಯುವ, 2014ರಲ್ಲಿ ಗುರುತಿಸಲಾದ ಕ್ರಾಸ್‌ಫೇಜ್ ಎಂಬ ಇನ್ನೊಂದು ವೈರಾಣುವನ್ನೂ ಜೊತೆಗೆ ಎಣಿಸುವುದು ವಿವೇಕದ ದಾರಿ.

ಆಂಟಿಬಯೋಟಿಕ್ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ವಿಷಯದಲ್ಲೂ ಅನುಪಾತವೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಟ್ರೈಸೈಕಲ್ ಎಂಬ ಕ್ರಮದಲ್ಲಿ, ಒಂದೇ ನೀರನ್ನು ಪೋಷಕಾಂಶದ ಲೋಳೆಯಿರುವ ಎರಡು ಬಗೆಯ ತಟ್ಟೆಗಳ ಮೇಲೆ ಹರಡುತ್ತಾರೆ. ಒಂದರಲ್ಲಿ ಬರಿಯ ಲೋಳೆ, ಇನ್ನೊಂದರಲ್ಲಿ ಸೆಫೊಟ್ಯಾಕ್ಸಿಮ್ ಎಂಬ ಔಷಧ ಬೆರೆಸಿದ ಲೋಳೆ. ಮರುದಿನ ಕರುಳಿನ ಬ್ಯಾಕ್ಟೀರಿಯಾವಾದ ಇ. ಕೋಲಿಯ ನೀಲಿ-ಹಸಿರು ಚುಕ್ಕಿಗಳು ಮೊದಲ ತಟ್ಟೆಯಲ್ಲಿ ಎಷ್ಟು, ಔಷಧವನ್ನು ಒಡೆಯುವ ಕಿಣ್ವದ ಬಲದಿಂದ ಎರಡನೆಯದರಲ್ಲೂ ಬೆಳೆದವು ಎಷ್ಟು ಎಂದು ಎಣಿಸಿದರೆ, ನೂರಕ್ಕೆ ಎಷ್ಟು ಔಷಧಕ್ಕೆ ಜಗ್ಗವು ಎಂಬುದು ತಿಳಿಯುತ್ತದೆ. ದುಬಾರಿ ಯಂತ್ರ ಬೇಡದ ಈ ಪರೀಕ್ಷೆ ಜಿಲ್ಲಾ ಮಟ್ಟದ ಪ್ರಯೋಗಾಲಯಕ್ಕೆ ಎಟುಕುವಂಥದ್ದು ಎಂಬುದೇ ಅದರ ದೊಡ್ಡ ಗುಣ. ನೀರನ್ನು ನೋಡದಿದ್ದರೆ ಏನು ಕಣ್ತಪ್ಪುತ್ತದೆ ಎಂಬುದಕ್ಕೆ ದೆಹಲಿಯ ಉದಾಹರಣೆಯಿದೆ: ಕಾರ್ಬಪೆನೆಮ್ ಎಂಬ ಪ್ರಬಲ ಔಷಧಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಜೀನ್, 2011ರ ವರದಿಯೊಂದರಂತೆ, ಅಲ್ಲಿನ 171 ಹೊರನೀರಿನ ಮಾದರಿಗಳ ಪೈಕಿ 51ರಲ್ಲಿ ಮತ್ತು 50 ನಲ್ಲಿ ನೀರಿನ ಮಾದರಿಗಳ ಪೈಕಿ 2ರಲ್ಲಿ ಪತ್ತೆಯಾಗಿತ್ತು.

ಹೊಳೆಯಲ್ಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕಿತೆಂದ ಮಾತ್ರಕ್ಕೆ ಅದು ಆಸ್ಪತ್ರೆಯ ಚರಂಡಿಯದೋ, ಕೋಳಿಸಾಕಣೆಯದೋ, ಮನೆಗಳ ಬಚ್ಚಲಿನದೋ ಎಂದು ಹೇಳಲಾಗದು. ಅದಕ್ಕಾಗಿ ಊರಿನ ನೀರು ಹೊಳೆ ಸೇರುವ ಮೊದಲು ಒಂದು, ಸೇರುವ ಜಾಗದ ಮೇಲೊಂದು, ಕೆಳಗೊಂದು ಮಾದರಿಯನ್ನು ಒಂದೇ ದಿನ ತೆಗೆದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆದಷ್ಟು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಬೇಕಾಗುತ್ತದೆ.