ಪುರುಷರ ಪಾಲಿನ ಹೊಣೆ

ಕುಟುಂಬ ಯೋಜನೆಯ ಹೊರೆ ನಮ್ಮ ದೇಶದಲ್ಲಿ ಇಂದಿಗೂ ಮಹಿಳೆಯ ಮೇಲೆಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ವಿವಾಹಿತ ಮಹಿಳೆಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಶೇ 37.9, ಪತಿ ಆ ಹೊಣೆ ಹೊತ್ತ ಉದಾಹರಣೆ ಶೇ 0.3 ಮಾತ್ರ. ಉದರದೊಳಗೆ ನಡೆಸಬೇಕಾದ ಮಹಿಳೆಯರ ಶಸ್ತ್ರಚಿಕಿತ್ಸೆಗಿಂತ ವ್ಯಾಸೆಕ್ಟಮಿ ಸರಳ. ಅಪಾಯವೂ ವೆಚ್ಚವೂ ಕಡಿಮೆ.

ತುರ್ತುಪರಿಸ್ಥಿತಿಯ ಕಾಲದ ಬಲವಂತದ ನೆನಪು ಪುರುಷರ ಹಿಂಜರಿಕೆಗೆ ಒಂದು ಕಾರಣ. ಪೌರುಷ ಕುಂದೀತೆಂಬ ಅಂಜಿಕೆ ಇನ್ನೊಂದು. ಈ ಅಂಜಿಕೆ ನಿರಾಧಾರವಾದುದು. ವೀರ್ಯಾಣು ಸಾಗುವ ನಾಳವನ್ನಷ್ಟೇ ಮುಚ್ಚಲಾಗುತ್ತದೆ, ಹಾರ್ಮೋನಿಗೆ ಧಕ್ಕೆಯಿಲ್ಲ.

ರಕ್ತ ತೆಳುಗೊಳಿಸುವ ಔಷಧ ಸೇವಿಸುವವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಸ್ಥಳೀಯ ಅರಿವಳಿಕೆ ನೀಡಿ ನಡೆಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ; ಅಂದೇ ಮನೆಗೆ ಮರಳಬಹುದು. ಎರಡು ದಿನ ವಿಶ್ರಾಂತಿ ಬೇಕು, ಬಿಗಿಯಾದ ಒಳಉಡುಪು ಧರಿಸಬೇಕು. ಒಂದು ವಾರ ಭಾರ ಎತ್ತಬಾರದು. ಜ್ವರ ಬಂದರೆ ಅಥವಾ ಊತ ಹೆಚ್ಚಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಮರೆಯಬಾರದ ಸಂಗತಿಯೆಂದರೆ, ಇದರ ಫಲ ತಕ್ಷಣದ್ದಲ್ಲ. ನಾಳದಲ್ಲಿ ಉಳಿದ ವೀರ್ಯಾಣು ಬರಿದಾಗಲು ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಕಾಂಡೋಮ್ ಬಳಸಬೇಕು; ವೀರ್ಯ ಪರೀಕ್ಷೆಯ ಬಳಿಕವೇ ನಿಶ್ಚಿಂತೆ. ಕತ್ತರಿಸಿದ ನಾಳವನ್ನು ಮರುಜೋಡಿಸಿದರೂ ಸಂತಾನದ ಭರವಸೆಯಿಲ್ಲ. ಆದ್ದರಿಂದ ಇನ್ನು ಮಕ್ಕಳು ಬೇಡವೆಂದು ದಂಪತಿ ಕೂಡಿ ನಿಶ್ಚಯಿಸಿದ ಮೇಲೆಯೇ ಈ ನಿರ್ಧಾರ ಕೈಗೊಳ್ಳಬೇಕು. ಹಾಗೆ ನಿಶ್ಚಯಿಸಿದ ಮನೆಗಳಲ್ಲಾದರೂ ಆಸ್ಪತ್ರೆಗೆ ಹೋಗುವ ಸರದಿ ಪತಿಯದಾಗಲಿ.